ಮರಗೆಣಸು ಕೀಳುವ ದಿನ

ಆಷಾಢ ಏಕಾದಶಿ ಸಮೀಪಿಸಿತೆಂದರೆ ಖಡಕಿ ಬಜಾರದ ಕಿರಾಣಿ ಅಂಗಡಿಗಳಲ್ಲಿ ಸಾಬೂದಾಣಿಯ ಚೀಲಗಳು ಒಳಗಿನ ಮೂಲೆಯನ್ನು ಬಿಟ್ಟು ಬಾಗಿಲಿಗೆ ಬಂದು ಕೂಡ್ರುತ್ತವೆ. ತುಕಾರಾಮ ಮಹಾರಾಜರ ಪಾಲಖಿ ದೇಹುವಿನಿಂದ ಹೊರಟು, ದಾಪೋಡಿಯನ್ನು ದಾಟಿ, ನಮ್ಮ ಮಗ್ಗುಲಿನ ಹಳೆಯ ಮುಂಬಯಿ ರಸ್ತೆಯಿಂದ ಪುಣೆಯನ್ನು ಹೊಕ್ಕು ಪಂಢರಪುರದ ದಾರಿ ಹಿಡಿದ ಮೇಲೆ, ಇಲ್ಲಿಯ ಮರಾಠಿ ನೆರೆಯವರ ಮನೆಯಲ್ಲಿಯೂ ಕನ್ನಡಿಗರ ಮನೆಯಲ್ಲಿಯೂ ಉಪವಾಸದ ಸಿದ್ಧತೆ ಒಂದೇ ಬಗೆಯದು: ಶೇಂಗಾಪುಡಿ ಹಾಕಿದ ಖಿಚಡಿ, ಬಟಾಟಿ ಬೆರೆಸಿ ಕರಿದ ವಡೆ, ಹಾಲಿನ ಪಾಯಸ. 'ಏಕಾದಶಿ, ದುಪ್ಪಟ್ ಖಾಶಿ' ಎಂದು ಮರಾಠಿಗರು ತಮ್ಮನ್ನು ತಾವೇ ನಗೆಯಾಡಿಕೊಳ್ಳುವದೂ ಇದಕ್ಕೇ. ಏಕಾದಶಿಯ ನೆವದಿಂದ ಇಮ್ಮಡಿ ತಿನ್ನುವೆ ಎಂದು ಆ ಮಾತಿನ ಅರ್ಥ.

ಆದರೆ ಈ ಬಿಳಿಯ ಮಣಿಗಳು ಯಾವ ಗಿಡದಲ್ಲಿ ಬಿಡುತ್ತವೆಂದು ಮಕ್ಕಳು ಕೇಳಿದರೆ ನಾವು ತಾಯಂದಿರು ಥಟ್ಟನೆ ಉತ್ತರ ಹೇಳಲಾರೆವು. ಹಲವರು ಅದನ್ನು ಒಂದು ಬಗೆಯ ಕಾಳೆಂದು ತಿಳಿದಿದ್ದಾರೆ. ಮೈಸೂರು ಸೀಮೆಯವರ 'ಸಬ್ಬಕ್ಕಿ' ಎಂಬ ಹೆಸರಿನಲ್ಲಂತೂ ಅಕ್ಕಿಯೇ ಸೇರಿಕೊಂಡಿದೆ. ನಿಜವಾಗಿ ಸಾಬೂದಾಣಿ ಕಾಳೂ ಅಲ್ಲ, ಅಕ್ಕಿಯೂ ಅಲ್ಲ. ಮರಗೆಣಸೆಂಬ ಗಡ್ಡೆಯನ್ನು ನೆಲದಿಂದ ಕಿತ್ತು, ಅರೆದು, ಅದರ ಹಾಲನ್ನು ತಿಳಿಯಿಟ್ಟು, ಆ ಹಿಟ್ಟನ್ನು ಮಣಿಗಟ್ಟಿಸಿ ಒಣಗಿಸಿದ್ದೇ ಸಾಬೂದಾಣಿ. ಈ ಗಡ್ಡೆಯನ್ನು ಒಂದು ಮನೆಯವರೆಲ್ಲ ಕೂಡಿ ಕಿತ್ತು, ಸುಲಿದು, ಬೇಯಿಸಿ, ಹಪ್ಪಳ ಮಾಡಿದ ಒಂದು ದಿನದ ಸಂಗತಿಯನ್ನೂ ಆ ಬೆಳೆಯ ಸಂಬಂಧದ ನಾಲ್ಕು ಮಾತುಗಳನ್ನೂ ನಮ್ಮ ಸಂಘದ ಕುಟುಂಬಗಳ ಮುಂದಿಡುವದು ಈ ಲೇಖನದ ಉದ್ದೇಶ.

ಕಡಲಾಚೆಯ ಗಿಡ

ನಾವು ಧಾರವಾಡದ ಕಡೆಯವರು. ಗೆಣಸೆಂದರೆ ನಮಗೆ ಬಳ್ಳಿಯ ಸಿಹಿಗೆಣಸು. ಏಕಾದಶಿಗೆ ಅದನ್ನೂ ಕುದಿಸುವದುಂಟು. ಮರಗೆಣಸು ಅದರ ಬಳಗದ್ದಲ್ಲ. ಇದು ಆಳೆತ್ತರಕ್ಕೂ ಮಿಕ್ಕಿ ಬೆಳೆಯುವ, ಹಸ್ತದಂತೆ ಸೀಳಿದ ಎಲೆಗಳ, ಗಣ್ಣುಗಣ್ಣಾದ ಕೋಲಿನ ಗಿಡ. ಬುಡದಲ್ಲಿ ಐದಾರು ಗಡ್ಡೆಗಳು ಸುತ್ತಲೂ ಕೈಚಾಚಿದಂತೆ ಹರಡಿರುತ್ತವೆ. ಔಡಲವೂ ರಬ್ಬರಿನ ಮರವೂ ಇದರ ಕುಲಬಾಂಧವರು. ತುಳುವರು ಇದಕ್ಕೆ ಮರಕೆರೆಂಗ್ ಎನ್ನುತ್ತಾರೆ. ತಮಿಳರು ಮರವಳ್ಳಿ ಎನ್ನುತ್ತಾರೆ. ಮಲೆಯಾಳಿಗಳಿಗೆ ಇದು ಕಪ್ಪ. ಖಡಕಿಯ ನಮ್ಮ ಮಲೆಯಾಳಿ ನೆರೆಯವರು ಮೀನಿನ ಸಾರಿನೊಡನೆ ಕಪ್ಪ ಎಂದೊಡನೆ ಹಿಗ್ಗುವದನ್ನು ನೋಡದವರಿಲ್ಲ.

ಇದರ ತವರೂರು ದಕ್ಷಿಣ ಅಮೇರಿಕೆ. ಅಮೆಜಾನ್ ನದಿಯ ಸೀಮೆಯ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದ್ದರು. ಪೋರ್ತುಗೀಜರು ಬ್ರಾಝಿಲಿನಿಂದ ಇದನ್ನು ಆಫ್ರಿಕಕ್ಕೂ ನಮ್ಮ ಪಶ್ಚಿಮ ಕರಾವಳಿಗೂ ತಂದರು. ಮಲಯ ದ್ವೀಪಗಳಲ್ಲಿ 'ಸಾಗು' ಎಂಬ ಒಂದು ತಾಳೆಯ ಜಾತಿಯ ಮರವಿದೆ. ಅದರ ಕಾಂಡದೊಳಗಿನ ತಿರುಳಿನಿಂದ ಮಾಡಿದ ಮಣಿಗಳೇ ಮೊದಲಿನ ಸಾಬೂದಾಣಿ. ಮುಂದೆ ಮರಗೆಣಸಿನ ಹಿಟ್ಟು ಆ ಮರದ ಹಿಟ್ಟಿನ ಜಾಗವನ್ನು ಆಕ್ರಮಿಸಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ನಮ್ಮ ದೇಶದಲ್ಲಿ ಈ ಬೆಳೆಗೆ ರಾಜಾಶ್ರಯ ದೊರೆತದ್ದು ತಿರುವಾಂಕೂರಿನಲ್ಲಿ. 1880ರಿಂದ 1885ರ ವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹೊಟ್ಟೆಗೆ ಒದಗುವ ಬೆಳೆಯೆಂದು ಇದರ ಬೇಸಾಯಕ್ಕೆ ಉತ್ತೇಜನ ಕೊಟ್ಟರು. ಅದರ ಬೆಲೆ ಜನಕ್ಕೆ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಯ ಅಕ್ಕಿ ಬರುವದು ನಿಂತಾಗ, ಹೊರಗಿನ ಅಕ್ಕಿಯನ್ನೇ ನೆಚ್ಚಿದ್ದ ಆ ಕರಾವಳಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಗಡ್ಡೆಯಿಂದಲೇ. ಅದೇ ಕಾಲದಲ್ಲಿ ತಿರುವಾಂಕೂರಿನ ರೈತರು ನೆಲವನ್ನು ಅರಸುತ್ತ ಉತ್ತರಕ್ಕೆ ಸರಿದರು. 1943ರಲ್ಲಿ ಅವರದೊಂದು ತಂಡ, ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ರಾಜಪುರಂ ಸೀಮೆಗೆ ಬಂದು ನೆಲಸಿತು. ಕಾಡು ಕಡಿದ ನೆಲದಲ್ಲಿ ಅವರು ಮೊದಲು ಊರಿದ ಪೈರುಗಳಲ್ಲಿ ಮರಗೆಣಸೂ ಒಂದು. ಹೀಗೆ ಕೋಲಿನಿಂದ ಕೋಲಿಗೆ ದಾಟುತ್ತ ಅದು ಕಾಸರಗೋಡಿನ ಕನ್ನಡಿಗರ ಗುಡ್ಡಗಳಲ್ಲಿಯೂ ಹಬ್ಬಿತು.

ನಮ್ಮ ಯಜಮಾನರ ಮನೆ ಆ ಸೀಮೆಯದು. ಮುಳ್ಳೇರಿಯಾದಿಂದ ಒಳಕ್ಕೆ, ತೋಟದ ನಡುವಿನ ಒಂಟಿ ಮನೆ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಾದರೂ ಆ ಮನೆಯ ಮಾತು, ಲೆಕ್ಕ, ಹರಟೆ ಎಲ್ಲ ಕನ್ನಡದಲ್ಲಿಯೇ ಉಳಿದಿವೆ.

ಕಾಯದ ಗಡ್ಡೆ

ಮರಗೆಣಸನ್ನು ಕೀಳಲು ಮನೆಮಂದಿಯೆಲ್ಲ ಒಂದೇ ದಿನ ಕೂಡಬೇಕೇಕೆ ಎಂಬುದು ಮೊದಲ ವರ್ಷಗಳಲ್ಲಿ ನನಗೆ ತಿಳಿಯುತ್ತಿರಲಿಲ್ಲ. ಜೋಳ, ಬತ್ತಗಳಾದರೆ ಒಕ್ಕಿ ಹಗೇವಿನಲ್ಲಿಯೋ ಕಣಜದಲ್ಲಿಯೋ ಇಟ್ಟು ವರುಷವಿಡೀ ತೆಗೆದುಕೊಳ್ಳಬಹುದು. ಬಟಾಟಿಯೂ ತಿಂಗಳುಗಟ್ಟಲೆ ತಾಳುತ್ತದೆ. ಮರಗೆಣಸಿನ ಸ್ವಭಾವ ಬೇರೆ. ನೆಲದೊಳಗೆ ಇರುವಷ್ಟು ದಿನ ಅದು ಅವಸರ ಮಾಡುವದಿಲ್ಲ. ಹತ್ತು ತಿಂಗಳಿಗೆ ಬಲಿತದ್ದನ್ನು ಮತ್ತೆರಡು ತಿಂಗಳು ಬಿಟ್ಟರೂ ಗಡ್ಡೆ ಕೆಡದು, ನಾರು ಹೆಚ್ಚಾದೀತು ಅಷ್ಟೆ. ಆದರೆ ನೆಲದಿಂದ ಹೊರಗೆ ಬಂದಿತೋ, ಅದರ ಆಯುಷ್ಯ ಎರಡು ಮೂರು ದಿನ. ಪೆಟ್ಟು ಬಿದ್ದ ಕಡೆಯಿಂದ ಒಳಗೆಲ್ಲ ನೀಲಿ-ಕಪ್ಪು ಗೆರೆಗಳು ಹರಿಯುತ್ತವೆ. ಬೇಯಿಸಿದರೆ ಬೇಯುವದಿಲ್ಲ, ಕಹಿಯಾಗುತ್ತದೆ. ಗಡ್ಡೆಯಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ನೀರು. ಆ ನೀರನ್ನು ಬೇಗ ತೆಗೆದು ಒಣಗಿಸಿದರೆ ಮಾತ್ರ ಅದು ಮಳೆಗಾಲದ ವರೆಗೆ ಉಳಿದೀತು.

ಆದುದರಿಂದ ಕೀಳುವ ಕೈ, ಸುಲಿಯುವ ಕೈ, ಬೇಯಿಸುವ ಕೈ, ಒಣಗಿಸುವ ಕೈ ಎಲ್ಲವೂ ಅದೇ ದಿನ ಅಲ್ಲಿಯೇ ಇರಬೇಕು. ಹಿಂದೆ ನೆರೆಮನೆಯವರು ಮುಯ್ಯಾಳಾಗಿ ಬರುತ್ತಿದ್ದರು. ಈಗ ಮುಯ್ಯಿಗೆ ಬರುವವರಿಲ್ಲ. ಮಕ್ಕಳು ಮೊಮ್ಮಕ್ಕಳು ಬೆಂಗಳೂರು, ಮಂಗಳೂರು, ಖಡಕಿ, ದುಬೈ ಎಂದು ಹಂಚಿಹೋಗಿದ್ದಾರೆ. ಹೋದ ವರ್ಷ ಫೆಬ್ರುವರಿಯಲ್ಲಿ ಭಾವನವರು ಫೋನು ಮಾಡಿ, "ಈ ಸಲ ಎಲ್ಲರೂ ಬನ್ನಿ. ಮತ್ತೆ ಈ ಕೆಲಸ ಉಂಟೋ ಇಲ್ಲವೋ ಹೇಳ್ಲಿಕ್ಕಾಗುದಿಲ್ಲ" ಎಂದರು. ಗುಡ್ಡದ ಆ ಜಾಗದಲ್ಲಿ ಮುಂದಿನ ಮಳೆಗೆ ಅಡಿಕೆ ಸಸಿ ಇಡಬೇಕೆಂಬುದು ಅವರ ಆಲೋಚನೆ. ಎಂಬತ್ತು ದಾಟಿದ ಅತ್ತೆಯವರಿಗೆ ಅದು ಸಮ್ಮತವಿರಲಿಲ್ಲ. ಕಾರಖಾನೆಯ ಭೋಂಗಾದ ಮೇಲೆ ಹೊತ್ತನ್ನಳೆದು ನಿವೃತ್ತರಾದ ನಮ್ಮವರು ಆ ದಿನವೇ ರೈಲಿನ ಚೀಟಿ ತೆಗೆಸಿದರು.

ಗುಡ್ಡದ ಮೇಲೆ

ನಸುಕಿನಲ್ಲಿಯೇ ಕೆಲಸಕ್ಕೆ ಮೊದಲಾಯಿತು. ಆ ಗುಡ್ಡ ಕೆಂಪು ಮುರಕಲ್ಲಿನದು. ನೀರು ನಿಲ್ಲದ ಇಳಿಜಾರು. ಹಿಂದಿನ ವರ್ಷ ಮೊದಲ ಮಳೆಗೆ ಮಣ್ಣನ್ನು ಗುಪ್ಪೆ ಮಾಡಿ, ಸುಡುಮಣ್ಣು ಬೂದಿಗಳನ್ನು ಹಾಕಿ, ಒಂದೊಂದು ಗುಪ್ಪೆಗೆ ಒಂದೊಂದು ಗೇಣುದ್ದದ ಕೋಲನ್ನು ಚುಚ್ಚಿದ್ದರಂತೆ. ಹಳದಿ ಎಲೆಗಳು ಉದುರಿ ಗಿಡಗಳು ಬೋಳಾಗಿದ್ದವು. ಗುಪ್ಪೆಯ ಮಣ್ಣು ಬಿರುಕುಬಿಟ್ಟಿತ್ತು. ಅದೇ ಗಡ್ಡೆ ತುಂಬಿರುವದರ ಗುರುತೆಂದು ಓರಗಿತ್ತಿ ತೋರಿಸಿಕೊಟ್ಟರು.

ಕೀಳುವ ಕ್ರಮ ಹೀಗೆ. ಮೊದಲು ಕೋಲನ್ನು ಮೊಳದೆತ್ತರಕ್ಕೆ ಕತ್ತಿಯಿಂದ ಕಡಿಯುತ್ತಾರೆ. ಕಡಿದ ಕೋಲು ಬಿಸಾಡುವ ವಸ್ತುವಲ್ಲ. ಅದನ್ನು ಬೇರೆ ಕಡೆ ನೆರಳಿನಲ್ಲಿ ಒರಗಿಸಿಡುತ್ತಾರೆ. ಆಮೇಲೆ ಒಬ್ಬರು ಬುಡದಿಂದ ಒಂದು ಮೊಳ ದೂರದಲ್ಲಿ ಪಿಕ್ಕಾಸಿನಿಂದ ಮಣ್ಣನ್ನು ಸಡಿಲಿಸುತ್ತಾರೆ. ಇನ್ನೊಬ್ಬರು ಉಳಿದ ಮೋಟನ್ನು ಎರಡೂ ಕೈಯಿಂದ ಹಿಡಿದು ಅತ್ತಿತ್ತ ಅಲುಗಿಸಿ, ಸೊಂಟದ ಬಲದಿಂದ ಒಮ್ಮೆಲೇ ಎತ್ತುತ್ತಾರೆ. ಸದ್ದುಮಾಡುತ್ತ ಗೊಂಚಲಿಗೆ ಗೊಂಚಲೇ ಮೇಲಕ್ಕೆ ಬರುತ್ತದೆ. ಅವಸರದಲ್ಲಿ ಎಳೆದರೆ ಗಡ್ಡೆ ಮುರಿದು ಅರ್ಧ ನೆಲದಲ್ಲಿಯೇ ಉಳಿಯುತ್ತದೆ. ಪಿಕ್ಕಾಸು ಹತ್ತಿರ ಬಿದ್ದರೆ ಗಾಯವಾಗುತ್ತದೆ. ಗಾಯವಾದದ್ದನ್ನು ಅಂದೇ ಮಧ್ಯಾಹ್ನದ ಅಡಿಗೆಗೆಂದು ಪ್ರತ್ಯೇಕ ಕುಕ್ಕೆಗೆ ಹಾಕುತ್ತಾರೆ. ಒಂದು ಗಿಡಕ್ಕೆ ಮೂರು ನಾಲ್ಕು ಕಿಲೋ ಬಂದರೆ ಮನೆಯ ಬೇಸಾಯಕ್ಕೆ ಅದು ಒಳ್ಳೆಯ ಫಲವೆಂದು ಎಣಿಕೆ.

ಗುಡ್ಡದ ಮೇಲ್ಗಡೆಯ ಮೂರು ಸಾಲುಗಳಲ್ಲಿ ಮಾತ್ರ ಕೀಳಲು ಏನೂ ಇರಲಿಲ್ಲ. ಮಣ್ಣೆಲ್ಲ ಉತ್ತಂತೆ ಕೆದರಿಹೋಗಿ, ಅಗಿದ ಗಡ್ಡೆಯ ಚೂರುಗಳು ಬಿದ್ದಿದ್ದವು. ಕಾಡುಹಂದಿಗಳ ಹಿಂಡು ಎರಡು ರಾತ್ರಿಗಳಲ್ಲಿ ಮಾಡಿದ ಕೆಲಸವದು. ಕರಾವಳಿ ಮಲೆನಾಡುಗಳಲ್ಲಿ ಗಡ್ಡೆಯ ಬೆಳೆ ಬೆಳೆಯುವವರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಭಾವನವರು ಆ ಸಾಲುಗಳನ್ನು ನಮಗೆ ತೋರಿಸಿ ಏನೂ ಮಾತಾಡದೆ ಕೆಳಗಿಳಿದರು.

ಸಿಪ್ಪೆಯ ಮಾತು

ಹತ್ತು ಗಂಟೆಯ ಹೊತ್ತಿಗೆ ಕುಕ್ಕೆಗಳೆಲ್ಲ ಅಂಗಳಕ್ಕೆ ಇಳಿದಿದ್ದವು. ಮಾವಿನ ನೆರಳಿನಲ್ಲಿ ನಾವು ಏಳು ಜನ ಹೆಂಗಸರು ಮೆಟ್ಟುಕತ್ತಿ, ಚೂರಿಗಳನ್ನು ಹಿಡಿದು ಸುತ್ತು ಕುಳಿತೆವು. ಮರಗೆಣಸಿಗೆ ಎರಡು ಸಿಪ್ಪೆ: ಹೊರಗೆ ಮಣ್ಣುಬಣ್ಣದ ತೆಳು ತೊಗಟೆ, ಒಳಗೆ ನಸುಗೆಂಪಾದ ದಪ್ಪ ಪದರು. ಉದ್ದಕ್ಕೆ ಒಂದು ಸೀಳು ಹಾಕಿ ಹೆಬ್ಬೆರಳನ್ನು ಒಳಗೆ ತೂರಿಸಿದರೆ ಎರಡೂ ಕೂಡಿ ಸುರುಳಿಯಾಗಿ ಬಿಚ್ಚಿಕೊಂಡು, ಬೆಣ್ಣೆಯಂತಹ ಬಿಳಿಯ ಗಡ್ಡೆ ಕೈಗೆ ಬರುತ್ತದೆ. ಮಕ್ಕಳಿಗೆ ಇದು ಆಟವೇ ಆಯಿತು.

ಬೆಂಗಳೂರಿನಿಂದ ಬಂದ ಎಂಟು ವರುಷದ ಮೊಮ್ಮಗ ಒಂದು ಬುಟ್ಟಿ ಸಿಪ್ಪೆಯನ್ನು ತುಂಬಿಕೊಂಡು ಕರುವಿಗೆ ತಿನ್ನಿಸಲು ಹೊರಟ. ಜಗುಲಿಯಲ್ಲಿದ್ದ ಅತ್ತೆಯವರು ಕೋಲೂರಿ ಎದ್ದೇಬಿಟ್ಟರು. "ಹೇ, ಅದು ಬೇಡ ಮಗಾ! ಸಿಪ್ಪೆ ಹಟ್ಟಿಗೆ ಹೋಗ್ಲಿಕ್ಕಿಲ್ಲ. ಎಲೆಯೂ ಹೋಗ್ಲಿಕ್ಕಿಲ್ಲ" ಎಂದು ಕೂಗಿ, ಹಟ್ಟಿಯ ಬಾಗಿಲಿಗೆ ಅಗಳಿ ಹಾಕಿಸಿದ ಮೇಲೆಯೇ ಕುಳಿತರು. ಸಿಪ್ಪೆಯನ್ನೆಲ್ಲ ತೋಟದ ಮೂಲೆಯ ಗುಂಡಿಗೆ ಹಾಕಿ ಮಣ್ಣು ಮುಚ್ಚಲಾಯಿತು.

ಈ ಎಚ್ಚರಕ್ಕೆ ಕಾರಣವಿದೆ. ಮರಗೆಣಸಿನಲ್ಲಿ, ಅದರಲ್ಲಿಯೂ ಸಿಪ್ಪೆ ಮತ್ತು ಎಲೆಗಳಲ್ಲಿ, ಲಿನಮಾರಿನ್ ಎಂಬ ವಸ್ತುವಿದೆ. ಗಡ್ಡೆಯನ್ನು ಕೊಯ್ದಾಗ, ಅರೆದಾಗ ಅದು ಒಡೆದು ಸಯನೈಡೆಂಬ ಉಗ್ರ ವಿಷ ಹುಟ್ಟುತ್ತದೆ. ಹಸಿ ಎಲೆ ತಿಂದ ಆಡು, ದನಗಳು ಕೆಲವೇ ಹೊತ್ತಿನಲ್ಲಿ ಸತ್ತದ್ದುಂಟು. ಹಾಗೆಂದು ಹೆದರಬೇಕಾದುದಿಲ್ಲ. ಈ ವಿಷ ನೀರಿನಲ್ಲಿ ಕರಗುತ್ತದೆ, ಕಾವಿಗೆ ಹಾರಿಹೋಗುತ್ತದೆ. ಊಟಕ್ಕೆ ಬೆಳೆಯುವ ಸಿಹಿ ಜಾತಿಗಳಲ್ಲಿ ಅದರ ಪ್ರಮಾಣ ಕಡಿಮೆ. ಚೆನ್ನಾಗಿ ಸುಲಿದು, ಸಣ್ಣ ತುಂಡುಗಳನ್ನಾಗಿ ಮಾಡಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಗಡ್ಡೆ ನಿರಪಾಯ. ಕಹಿ ಜಾತಿಗಳಿಗೆ ಮಾತ್ರ ಇಷ್ಟು ಸಾಲದು. ಅವನ್ನು ತುರಿದು ಹಿಂಡಬೇಕು, ಇಲ್ಲವೆ ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ ಹುಳಿಸಬೇಕು.

ಈ ದಿನಗಳನ್ನು ಕಡಿಮೆ ಮಾಡಿದರೆ ಏನಾಗುವದೆಂಬುದಕ್ಕೆ ಆಫ್ರಿಕದ ಒಂದು ಉದಾಹರಣೆ ಸಾಕು. 1981ರಲ್ಲಿ ಮೊಝಾಂಬಿಕ್ ದೇಶದ ಉತ್ತರ ಭಾಗದಲ್ಲಿ ಬರ ಬಿದ್ದು ಉಳಿದ ಬೆಳೆಗಳೆಲ್ಲ ಒಣಗಿದಾಗ, ಕಹಿ ಮರಗೆಣಸೊಂದೇ ಜನರ ಆಹಾರವಾಯಿತು. ಹಸಿದ ಮಕ್ಕಳ ತಾಯಂದಿರು ಅದು ಪೂರ್ತಿ ಒಣಗುವ ವರೆಗೆ ಕಾಯಲಾರದೆ ಹೋದರು. ಸಾವಿರಕ್ಕೂ ಹೆಚ್ಚು ಜನರಿಗೆ, ಬಹುತೇಕ ಹೆಂಗಸರು ಮತ್ತು ಮಕ್ಕಳಿಗೆ, ಇದ್ದಕ್ಕಿದ್ದಂತೆ ಕಾಲುಗಳು ಸೆಟೆದು ನಡಿಗೆ ನಿಂತುಹೋಯಿತು. ಆಗ ಅಲ್ಲಿ ಡಾಕ್ಟರರಾಗಿದ್ದ ಸ್ವೀಡನ್ನಿನ ಹಾನ್ಸ್ ರೋಸ್ಲಿಂಗರು ಮತ್ತು ಅವರ ಜೊತೆಯವರು ಶೋಧಿಸಿ, ಸಯನೈಡು ಹೆಚ್ಚಾಗಿ ಪೌಷ್ಟಿಕ ಆಹಾರ ಇಲ್ಲವಾದದ್ದೇ ಇದಕ್ಕೆ ಕಾರಣವೆಂದು ತೋರಿಸಿದರು. ಕಾಂಗೋದಲ್ಲಿ ಈ ರೋಗದ ಹೆಸರು ಕೊಂಜೊ. ಕಟ್ಟಿಹಾಕಿದ ಕಾಲುಗಳು ಎಂದು ಅದರ ಅರ್ಥ. ಪುಸ್ತಕ ಓದದ ನಮ್ಮ ಅತ್ತೆಯವರು ಕೋಲೂರಿ ಎದ್ದು ನಿಂತದ್ದರ ಹಿಂದೆ ಇಷ್ಟು ದೊಡ್ಡ ವಿಷಯವಿದೆ.

ಹಪ್ಪಳದ ಮಧ್ಯಾಹ್ನ

ಬಚ್ಚಲ ಪಕ್ಕದ ದೊಡ್ಡ ಒಲೆಯ ಮೇಲೆ ತಾಮ್ರದ ಹಂಡೆ ಏರಿತ್ತು. ಮೊದಲ ಹಂಡೆಯ ಗಡ್ಡೆ ಹಪ್ಪಳಕ್ಕೆ. ಅದು ಬೆಂದು ಬಿರಿದ ಮೇಲೆ ನೀರು ಬಸಿದು, ನಡುವಿನ ದಾರದಂತಹ ನಾರನ್ನು ಎಳೆದು ತೆಗೆದು, ಬಿಸಿಯಿರುವಾಗಲೇ ಒರಳಿಗೆ ಹಾಕಬೇಕು. ಆರಿದರೆ ಗಂಟಾಗುತ್ತದೆ. ಉಪ್ಪು, ಜೀರಿಗೆ, ಇಂಗು, ಅರೆದ ಮೆಣಸು, ಸ್ವಲ್ಪ ಎಳ್ಳು ಕೂಡಿಸಿ ಇಬ್ಬರು ಎದುರುಬದುರಾಗಿ ಒನಕೆ ಹಾಕಿದರು. ಗ್ರೈಂಡರು ಮನೆಯಲ್ಲಿಯೇ ಇತ್ತು. ಆದರೆ ಅದರಲ್ಲಿ ಅರೆದರೆ ಹಿಟ್ಟು ಅಂಟಾಗಿ ಹಪ್ಪಳ ಕರಿದಾಗ ಗಟ್ಟಿಯಾಗುವದೆಂದು ಓರಗಿತ್ತಿಯ ಅನುಭವ.

ಆಮೇಲೆ ನಿಂಬೆಹಣ್ಣಿನಷ್ಟು ಉಂಡೆ ಕಟ್ಟುವದು ಮಕ್ಕಳ ಪಾಲು. ತೆಂಗಿನೆಣ್ಣೆ ಸವರಿದ ಎರಡು ಹಾಳೆಗಳ ನಡುವೆ ಉಂಡೆಯನ್ನಿಟ್ಟು ಮಣೆಯಿಂದ ಒತ್ತುವದು ಗಂಡಸರ ಪಾಲು. ಒತ್ತಿದ್ದನ್ನು ಹರಿಯದಂತೆ ಬಿಡಿಸಿ ಓಲೆಯ ಚಾಪೆಯ ಮೇಲೆ ಹರಡುವದು ನಮ್ಮದು. ಕಾಗೆ ಕಾಯುವದು ಅತ್ತೆಯವರದು. ಮಧ್ಯಾಹ್ನದ ಊಟಕ್ಕೆ, ಗಾಯವಾದ ಗಡ್ಡೆಗಳನ್ನು ಬೇಯಿಸಿ ತೆಂಗಿನಕಾಯಿ, ಗಾಂಧಾರಿ ಮೆಣಸು ಅರೆದು ಹಾಕಿದ ಪಲ್ಯವಿತ್ತು. ಸಂಜೆ ಎಣಿಸಿದಾಗ ಚಾಪೆಗಳ ಮೇಲೆ ಹಪ್ಪಳ ಆರುನೂರಕ್ಕೆ ಎರಡು ಕಡಿಮೆ ಇತ್ತು. ಆ ಎರಡು ಯಾರ ಹೊಟ್ಟೆಗೆ ಹೋದವೆಂದು ಎಲ್ಲರಿಗೂ ಗೊತ್ತಿತ್ತು.

ಎರಡನೆಯ ಹಂಡೆಯ ಗಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ, ಕುದಿವ ನೀರಿನಲ್ಲಿ ಅರೆಬೇಯಿಸಿ, ಬಸಿದು ಬಂಡೆಯ ಮೇಲೆ ಹರಡಿದರು. ಮೂರು ನಾಲ್ಕು ದಿನದ ಬಿಸಿಲಿಗೆ ಅದು ಕಲ್ಲಿನಂತಾಗುತ್ತದೆ. ಹಿಂದಿನ ಕಾಲದಲ್ಲಿ ಆಷಾಢದ ಮಳೆಯಲ್ಲಿ ಅಕ್ಕಿ ಮುಗಿದಾಗ ಇದನ್ನೇ ನೆನೆಹಾಕಿ ಬೇಯಿಸುತ್ತಿದ್ದರು. ಮಲೆಯಾಳಿಗಳು ಇದಕ್ಕೆ ವಾಟ್ಟುಕಪ್ಪ ಎನ್ನುತ್ತಾರೆ. 1965-66ರ ಬರದ ವರ್ಷಗಳಲ್ಲಿ ಪಡಿತರದ ಅಕ್ಕಿ ವಾರದ ನಾಲ್ಕು ದಿನಕ್ಕೆ ಸಾಕಾಗುತ್ತಿತ್ತೆಂದೂ, ಉಳಿದ ಮೂರು ದಿನ ಈ ಒಣಬಿಲ್ಲೆಯೇ ಹದಿನಾಲ್ಕು ಜನರ ಮನೆಯನ್ನು ನಡೆಸಿತೆಂದೂ, ಆಗಷ್ಟೆ ಸೊಸೆಯಾಗಿ ಬಂದಿದ್ದ ಅತ್ತೆಯವರು ಹೇಳುತ್ತಾರೆ.

ಉಳಿದ ಸ್ವಲ್ಪ ಗಡ್ಡೆಯನ್ನು ತುರಿದು, ಬಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ಹಿಸುಕಿ ಹಾಲು ತೆಗೆದರು. ಕೂವೆಯ ಹುಡಿ ಮಾಡುವ ಕ್ರಮವೇ ಇದಕ್ಕೂ. ರಾತ್ರಿ ತಿಳಿಯಾಗಲು ಬಿಟ್ಟು, ಬೆಳಿಗ್ಗೆ ಮೇಲಿನ ನೀರನ್ನು ಚೆಲ್ಲಿದಾಗ ಪಾತೇಲಿಯ ತಳದಲ್ಲಿ ಸುಣ್ಣದಂತಹ ಬಿಳಿಯ ಹಿಟ್ಟು ಗಟ್ಟಿಯಾಗಿ ಕುಳಿತಿತ್ತು. ಖಡಕಿಯ ಅಂಗಡಿಯ ಸಾಬೂದಾಣಿಯ ಮೂಲರೂಪವನ್ನು ನಾನು ಕಂಡದ್ದು ಅಂದೇ.

ಸೇಲಮ್ಮಿನ ಮಣಿಗಳು

ನಮ್ಮ ಪಾತೇಲಿಯಲ್ಲಿ ಆದ ಕೆಲಸವನ್ನೇ ತಮಿಳುನಾಡಿನ ಸೇಲಂ ಸುತ್ತಲಿನ ಕಾರಖಾನೆಗಳು ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಯುದ್ಧದಲ್ಲಿ ಮಲಯ, ಸಿಂಗಾಪುರಗಳಿಂದ ಬರುತ್ತಿದ್ದ ಸಾಗು ನಿಂತಾಗ, 1943ರ ಸುಮಾರಿಗೆ ಅಲ್ಲಿ ಈ ಉದ್ಯೋಗ ಮೊದಲಾಯಿತು. ಕೇರಳದಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಸೇಲಮ್ಮಿನ ಮಾಣಿಕ್ಕಂ ಚೆಟ್ಟಿಯಾರರೂ, ಮಲಯದಿಂದ ಬಂದಿದ್ದ ಪೋಪಟಲಾಲ ಶಹಾ ಅವರೂ ಕೂಡಿ ಇದಕ್ಕೆ ನಾಂದಿ ಹಾಕಿದರೆಂದು ಆ ಉದ್ಯೋಗದವರು ಹೇಳುತ್ತಾರೆ. ಗಡ್ಡೆಯನ್ನು ತೊಳೆದು, ಸುಲಿದು, ಯಂತ್ರದಲ್ಲಿ ತುರಿದು, ಜಾಲರಿಯಲ್ಲಿ ಸೋಸಿ, ತೊಟ್ಟಿಗಳಲ್ಲಿ ಹಿಟ್ಟನ್ನು ತಂಗಿಸುತ್ತಾರೆ. ಒದ್ದೆ ಹಿಟ್ಟನ್ನು ಪುಡಿಮಾಡಿ ತೊಟ್ಟಿಲಿನಂತೆ ತೂಗುವ ಬಟ್ಟೆಯಲ್ಲಿ ಹಾಕಿದಾಗ ಅದು ಹೊರಳಿ ಹೊರಳಿ ಮಣಿಯಾಗುತ್ತದೆ. ಮಣಿಗಳನ್ನು ಚಾಳಣಿಗೆಯಿಂದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಎಣ್ಣೆ ಸವರಿದ ಬಿಸಿ ತಗಡಿನ ಮೇಲೆ ಹುರಿದು, ಬಿಸಿಲಿಗೆ ಒಣಗಿಸುತ್ತಾರೆ. ಉ‌ಗಿಯಲ್ಲಿ ಬೇಯಿಸಿದ್ದಾದರೆ ಅದೇ ನೈಲಾನ್ ಸಾಬೂದಾಣಿ. ಒಂದು ಕಿಲೋ ಸಾಬೂದಾಣಿಗೆ ಸುಮಾರು ನಾಲ್ಕೈದು ಕಿಲೋ ಗಡ್ಡೆ ಬೇಕು.

ತಯಾರಕರೆಲ್ಲ ಕೂಡಿ 1981ರಲ್ಲಿ 'ಸಾಗೋಸರ್ವ್' ಎಂಬ ಸಹಕಾರಿ ಸಂಘವನ್ನು ಕಟ್ಟಿದರು. 2023ರಲ್ಲಿ ಸೇಲಂ ಸಾಬೂದಾಣಿಗೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಆ ಮಾಲಿನ ದೊಡ್ಡ ಗಿರಾಕಿಗಳು ಉಪವಾಸ ಮಾಡುವ ನಮ್ಮ ಮಹಾರಾಷ್ಟ್ರದವರೇ. ಸಾಬೂದಾಣಿಯಲ್ಲಿ ಪಿಷ್ಟವಲ್ಲದೆ ಬೇರೆ ಸತ್ವ ಇಲ್ಲವೆಂದರೂ ಸಲ್ಲುತ್ತದೆ. ಆದುದರಿಂದ ಖಿಚಡಿಗೆ ಧಾರಾಳವಾಗಿ ಶೇಂಗಾ ಹಾಕುವ ಪರಿಪಾಠ ರುಚಿಗಷ್ಟೇ ಅಲ್ಲ, ಆರೋಗ್ಯಕ್ಕೂ ಒಳ್ಳೆಯದು.

ಕೋಲಿನ ಪ್ರಶ್ನೆ

ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ, ಎಲ್ಲರೂ ತಪ್ಪಿಸುತ್ತಿದ್ದ ಮಾತು ಬಂದೇಬಂದಿತು.

"ಅಮ್ಮಾ, ಹಂದಿ ತಿಂದದ್ದು ಕಳೆದು ನಮಗೆ ಎಂತ ಉಳೀತದೆ? ಆಳಿಲ್ಲ, ಕಾವಲಿಲ್ಲ. ಆ ಜಾಗಕ್ಕೆ ಅಡಿಕೆ ಇಡುವ" ಎಂದರು ಭಾವನವರು.

"ಅಡಿಕೆ ಇಡು, ಬೇಡ ಹೇಳ್ಲಿಲ್ಲ. ಹಸಿವಾದರೆ ಅಡಿಕೆ ಬೇಯಿಸ್ಲಿಕ್ಕಾಗ್ತದಾ?" ಎಂದರು ಅತ್ತೆಯವರು.

ಇಬ್ಬರ ಮಾತೂ ನಿಜವೇ. ಅಂಗಡಿಯಲ್ಲಿ ಅಕ್ಕಿ ಸಿಗುವ ಕಾಲದಲ್ಲಿ ಗಡ್ಡೆಗಾಗಿ ರಾತ್ರಿಯೆಲ್ಲ ಹಂದಿ ಕಾಯಿರೆಂದು ಅರವತ್ತು ದಾಟಿದ ಮಗನಿಗೆ ಯಾರು ಹೇಳಬೇಕು? ಆದರೆ ಮರಗೆಣಸಿನ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ರಾಗಿ, ಜೋಳದ ಬೀಜವನ್ನು ಗಡಿಗೆಯಲ್ಲಿಟ್ಟು ಒಂದು ವರ್ಷ ಬಿತ್ತದಿದ್ದರೂ ಮರುವರ್ಷ ಬಿತ್ತಬಹುದು. ಮರಗೆಣಸಿಗೆ ಕೋಲೇ ಬೀಜ. ಗಿಡದಲ್ಲಿ ಬೀಜ ಕಟ್ಟಿದರೂ ಅದರಿಂದ ತಾಯಿಯ ಗುಣ ಬರುವದಿಲ್ಲ. ಕಡಿದ ಕೋಲು ನೆರಳಿನಲ್ಲಿ ಹೆಚ್ಚೆಂದರೆ ಎರಡೂವರೆ ಮೂರು ತಿಂಗಳು ಜೀವ ಹಿಡಿದಿರುತ್ತದೆ. ಅಷ್ಟರೊಳಗೆ ಮಣ್ಣಿಗೆ ಸೇರದಿದ್ದರೆ ಅದು ಬರೀ ಸೌದೆ. ಒಂದು ಮನೆ ಒಂದೇ ಒಂದು ವರ್ಷ ನೆಡುವದನ್ನು ಬಿಟ್ಟರೆ ಆ ಮನೆಯ ತಳಿ ಅಲ್ಲಿಗೆ ಮುಗಿಯಿತು. ತಿರುವನಂತಪುರದ ಶ್ರೀಕಾರ್ಯದಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹಲವಾರು ಒಳ್ಳೆಯ ತಳಿಗಳನ್ನು ಬೆಳೆಸಿ ಹಂಚಿದ್ದಾರೆ. ಹಳೆಯ ತಳಿಗಳನ್ನು ಕೂಡಿಸಿಟ್ಟೂ ಇದ್ದಾರೆ. ಆದರೆ ಮನೆಮನೆಯ ತಳಿಯನ್ನೆಲ್ಲ ಯಾವ ಸಂಸ್ಥೆ ಕಾದೀತು? ನಮ್ಮ ಮನೆಯದಕ್ಕೆ 'ಕೆಂಪು ಕಡ್ಡಿಯದು' ಎಂಬುದಲ್ಲದೆ ಬೇರೆ ಹೆಸರೂ ಇಲ್ಲ. ಯುದ್ಧದ ಕಾಲದಲ್ಲಿ ಅತ್ತೆಯವರ ಮಾವನವರು ಒಂದು ಕಟ್ಟು ಕೋಲನ್ನು ಹೊತ್ತು ತಂದ ದಿನದಿಂದ ಅದು ಒಂದು ವರ್ಷವೂ ನೆಲ ತಪ್ಪಿಲ್ಲ.

ಕೋಲಿನ ಸಂಗಡ ರೋಗವೂ ಸಾಗುತ್ತದೆಂಬುದು ನಿಜ. ಎಲೆ ಮುರುಟಿ ಹಳದಿ ಮಚ್ಚೆಯಾಗುವ ಮೊಸಾಯಿಕ್ ರೋಗ ಹೀಗೆಯೇ ಹರಡುವದು. 2020ರಲ್ಲಿ ಹೊರದೇಶದ ಒಂದು ಹಿಟ್ಟುತಿಗಣೆ ಕೇರಳದಲ್ಲಿ ಕಾಣಿಸಿಕೊಂಡು ಸೇಲಂ ಕಡೆಯ ಹೊಲಗಳನ್ನೂ ಹಾಳುಮಾಡಿತು. ಇದೇ ಕೀಟ ಆಫ್ರಿಕದಲ್ಲಿ 1970ರ ದಶಕದಲ್ಲಿ ಹಾವಳಿ ಮಾಡಿದಾಗ, ಅದರ ತವರಾದ ದಕ್ಷಿಣ ಅಮೇರಿಕೆಯಿಂದ ಒಂದು ಸಣ್ಣ ಕಣಜದ ಹುಳವನ್ನು ತಂದು ಬಿಟ್ಟು ಅದನ್ನು ಅಡಗಿಸಿದ್ದರು. ಆ ಕಾರ್ಯದ ಮುಂದಾಳಾದ ಹಾನ್ಸ್ ಹೆರೆನ್ ಅವರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಅದೇ ಹುಳವನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಆಫ್ರಿಕದ ಬೆನಿನ್ ದೇಶದಿಂದ ತರಿಸಿ, ಬೆಳೆಸಿ, 2022ರಲ್ಲಿ ಸೇಲಂ ಸೀಮೆಯ ಹೊಲಗಳಲ್ಲಿ ಬಿಟ್ಟರು. ನಮ್ಮ ಏಕಾದಶಿಯ ತಟ್ಟೆಗೆ ಇಷ್ಟು ಜನರ ದುಡಿತ ಸೇರಿದೆ.

ಜಗುಲಿಯ ಮಾತು ಹನ್ನೊಂದು ಗಂಟೆಯ ವರೆಗೆ ನಡೆದು ಒಂದು ನೆಲೆಗೆ ಬಂದಿತು. ಗುಡ್ಡದ ಮುಕ್ಕಾಲು ಪಾಲಿಗೆ ಅಡಿಕೆ; ಮನೆಗೆ ಹತ್ತಿರದ ಕಾಲು ಪಾಲಿಗೆ ಗಟ್ಟಿ ಬೇಲಿ ಹಾಕಿ ಮರಗೆಣಸು. ಕೋಲುಗಳನ್ನು ಒಂದೇ ಕಡೆ ಇಡಬಾರದೆಂದು ನಾಲ್ಕು ಕಟ್ಟು ಮಾಡಿದರು. ಒಂದು ಅಲ್ಲಿಗೆ, ಒಂದು ಪುತ್ತೂರಿನ ನಾದಿನಿಯ ಮನೆಗೆ, ಒಂದು ನೆರೆಮನೆಗೆ. ನಾಲ್ಕನೆಯದರಲ್ಲಿ ಹತ್ತು ಕೋಲುಗಳು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ನಮ್ಮೊಡನೆ ಖಡಕಿಗೆ ಬಂದವು.

ಆ ವರ್ಷದ ಮಳೆಗಾಲದಲ್ಲಿ ನೆರೆಮನೆಯ ಕಟ್ಟನ್ನು ಹಂದಿಗಳೇ ಮುಗಿಸಿದವು. ಪುತ್ತೂರಿನದು ಚೆನ್ನಾಗಿ ಬಂದಿತು. ಮನೆಯ ಕಾಲು ಪಾಲಿನಲ್ಲಿ ಬೇಲಿ ಉಳಿಯಿತು, ಗಿಡವೂ ಉಳಿಯಿತು. ಖಡಕಿಯ ನಮ್ಮ ಹಿತ್ತಲಿನಲ್ಲಿ ಹತ್ತರಲ್ಲಿ ಏಳು ಚಿಗುರಿದವು. ಇಲ್ಲಿಯ ಬೇಸಗೆಗೆ ವಾರಕ್ಕೆರಡು ಸಲ ನೀರು ಹಾಕಬೇಕಾಯಿತು; ಗಡ್ಡೆ ಮುಂಗೈಯಷ್ಟು ದಪ್ಪ ಬಂದಿತ್ತು. ಕೋಲುಗಳನ್ನು ಮತ್ತೆ ಊರಿದ್ದೇವೆ.

ಸೋದರಿಯರಿಗೆ ಎರಡು ಮಾತು

ಹಸಿ ಮರಗೆಣಸು ಪುಣೆಯಲ್ಲಿ ಕೇರಳದವರ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ತುದಿಯನ್ನು ಮುರಿಸಿ ನೋಡಿರಿ. ಒಳಗೆ ಅಚ್ಚ ಬಿಳುಪಾಗಿದ್ದರೆ ತಾಜಾ. ನೀಲಿ ಗೆರೆ ಕಂಡರೆ ಬೇಡ. ತಂದ ದಿನವೇ ಎರಡೂ ಸಿಪ್ಪೆಗಳನ್ನು ತೆಗೆದು, ತುಂಡು ಮಾಡಿ, ನೀರಿನಲ್ಲಿ ಮುಳುಗಿಸಿಡಿರಿ. ಕುದಿಸುವಾಗ ಪಾತೇಲಿಯನ್ನು ಮುಚ್ಚದೆ ಧಾರಾಳ ನೀರಿಟ್ಟು, ಅರ್ಧ ಬೆಂದಾಗ ಒಮ್ಮೆ ನೀರು ಬದಲಿಸಿ, ಕೊನೆಯ ನೀರನ್ನೂ ಚೆಲ್ಲಿರಿ. ಕಹಿ ಹತ್ತಿದ ಗಡ್ಡೆಯನ್ನು ತಿನ್ನಬಾರದು. ಹಸಿಯದನ್ನು ಮಕ್ಕಳ ಬಾಯಿಗೂ ಆಡುದನಗಳ ಬಾಯಿಗೂ ಕೊಡಬಾರದು.

ಇನ್ನೊಂದು ಮಾತು ಊರಿನಲ್ಲಿ ಹಿರಿಯರಿರುವವರಿಗೆ. ನಿಮ್ಮ ಮನೆಯ ಹಿತ್ತಲಿನಲ್ಲಿ ಮರಗೆಣಸೋ ಕೆಸುವೋ ಸುವರ್ಣಗಡ್ಡೆಯೋ, ಹೆಸರಿಲ್ಲದ ಹಳೆಯ ತಳಿಯೊಂದು ಇದ್ದೇ ಇದ್ದೀತು. ಈ ಸಲ ಊರಿಗೆ ಹೋದಾಗ ಅದನ್ನು ಕೀಳುವ ದಿನವನ್ನು ಕೇಳಿಕೊಂಡು ಹೋಗಿರಿ. ಬರುವಾಗ ಒಂದೆರಡು ಕೋಲನ್ನೋ ಗಡ್ಡೆಯನ್ನೋ ತಂದು ಇಲ್ಲಿ ಊರಿರಿ, ಇಲ್ಲವೆ ಊರುವ ಬೇರೆಯವರಿಗೆ ಕೊಡಿರಿ. ಕೋಲು ಮೂರು ತಿಂಗಳಿಗಿಂತ ಹೆಚ್ಚು ಕಾಯುವದಿಲ್ಲ.